ಸಹಾಯ ಬೇಕು: ಕಾಲ್ಬೆರಳ ಸಂದಿಯ ಫಂಗಸ್‌ಗೆ ಟೀ ಟ್ರೀ ಎಣ್ಣೆ ಎಷ್ಟು ಬೆರೆಸಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆಗಾಲ ಪೂರ್ತಿ ಕಾಲು ಗಮ್‌ಬೂಟಿನಲ್ಲೇ ಇರುತ್ತದೆ. ಜುಲೈನಿಂದ ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತಿದೆ. ರಾತ್ರಿಯಾದರೆ ತುರಿಕೆ ತಡೆಯೋಕಾಗಲ್ಲ. ಕೆಸರು ಹುಣ್ಣು ಅಂತ ಅಮ್ಮ ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದರು. ಹಾಸಿಗೆ ಬಟ್ಟೆಯೆಲ್ಲ ಹಳದಿ ಆಯಿತು, ತುರಿಕೆ ಮಾತ್ರ ಹಾಗೇ ಇತ್ತು.

ಡಾಕ್ಟರು ನೋಡಿ ಫಂಗಸ್ ಅಂದರು. ಕ್ಲೋಟ್ರಿಮಜೋಲ್ ಕ್ರೀಮ್ 4 ವಾರ ಹಚ್ಚಲು ಹೇಳಿದ್ದರು. ಹತ್ತೇ ದಿನಕ್ಕೆ ತುರಿಕೆ ನಿಂತಿತು, ನಾನೂ ನಿಲ್ಲಿಸಿಬಿಟ್ಟೆ. ತಪ್ಪು ನಂದೇ, ಬೈಬೇಡಿ. ಈಗ ಮತ್ತೆ ಶುರುವಾಗಿದೆ.

ತಂಗಿ ಟೀ ಟ್ರೀ ಎಣ್ಣೆ (ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆಯುವ ಎಣ್ಣೆ) ತಂದುಕೊಟ್ಟಳು. ಏನೂ ಬೆರೆಸದೆ ಹಾಗೇ ಹಚ್ಚಿದೆ. ಗಾಂಧಾರಿ ಮೆಣಸು ತಿಕ್ಕಿದ ಹಾಗೆ ಉರಿ! ಸುತ್ತ ಚರ್ಮ ಕೆಂಪಾಯಿತು. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಬೇಕಂತೆ, ಆಮೇಲೆ ಗೊತ್ತಾಯಿತು.

ಗೊಂದಲ ಇಲ್ಲೇ. ಪಕ್ಕದ ಮನೆಯವರು ಎರಡು ಚಮಚ ಕೊಬ್ಬರಿ ಎಣ್ಣೆಗೆ ಹತ್ತು ಹನಿ ಸಾಕು ಅಂತಾರೆ. ಅದು ಸುಮಾರು 5 ಪರ್ಸೆಂಟ್ ಆಗುತ್ತದೆ. ಆದರೆ 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ಕಾಲಿನ ಫಂಗಸ್ ಮೇಲೆ ಪರೀಕ್ಷೆ ಮಾಡಿದವರು ಬಳಸಿದ್ದು 25 ಮತ್ತು 50 ಪರ್ಸೆಂಟ್ ದ್ರಾವಣ. ಎಷ್ಟೊಂದು ವ್ಯತ್ಯಾಸ, ಅಲ್ವಾ?

ಒಮ್ಮೆ ಉರಿದ ಚರ್ಮಕ್ಕೆ ಎಷ್ಟು ಪರ್ಸೆಂಟಿನಿಂದ ಶುರು ಮಾಡಬಹುದು? ಅಥವಾ ಎಣ್ಣೆ ಬಿಟ್ಟು, ಕ್ರೀಮನ್ನೇ ಮೊದಲಿಂದ 4 ವಾರ ಹಚ್ಚಲಾ? ಚರ್ಮದ ಡಾಕ್ಟರುಗಳು, ಫಾರ್ಮಸಿಸ್ಟ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.