ಸೇಕ್ರೆಡ್ ಸ್ಟೋನ್ಸ್ ಸ್ಪೀಡ್‌ರನ್: ಟರ್ನ್ ಕಮ್ಮಿಯಾದರೂ ಟೈಮರ್ ಯಾಕೆ ಇಳೀತಿಲ್ಲ?

ಚೌಕಾಬಾರ_ಜಯನಗರ

ನಮಸ್ಕಾರ ಗುರುಗಳೇ. ಆಟ ಫೈರ್ ಎಂಬ್ಲೆಮ್: ದ ಸೇಕ್ರೆಡ್ ಸ್ಟೋನ್ಸ್, ಗೇಮ್ ಬಾಯ್ ಅಡ್ವಾನ್ಸ್‌ದು; ಚದುರಂಗದ ಹಾಗೆ ಟರ್ನ್ ಪ್ರಕಾರ ಆಳುಗಳನ್ನ ಮನೆಯಿಂದ ಮನೆಗೆ ಸರಿಸಿ ಆಡೋ ಯುದ್ಧ. ಅದನ್ನ ಆದಷ್ಟು ಬೇಗ ಮುಗಿಸೋ ಸ್ಪೀಡ್‌ರನ್ ಮಾಡ್ತಿದ್ದೀನಿ. ನಾರ್ಮಲ್ ಮೋಡ್, ಎಂಟನೇ ಅಧ್ಯಾಯ ಆದಮೇಲೆ ಕಥೆ ಕವಲೊಡೆಯುತ್ತೆ, ನನ್ನದು ನಾಯಕಿ ಐರಿಕಾ ದಾರಿ. ಅನಿಮೇಷನ್ ಆಫ್, ಟೆಕ್ಸ್ಟ್ ಸ್ಪೀಡ್ ಮ್ಯಾಕ್ಸ್, ಗೇಮ್ ಸ್ಪೀಡ್ ಫಾಸ್ಟ್. ಇಷ್ಟೆಲ್ಲ ಮಾಡಿದರೂ ಮೊದಲ ಎಂಟು ಅಧ್ಯಾಯದಲ್ಲೇ ಟೈಮ್ ಸೋರಿ ಹೋಗ್ತಿದೆ. ನಾಲ್ಕು ಪ್ರಶ್ನೆ ಇದೆ:

ಹಿರಿಯ ಸವಾರ ಸೆತ್‌ಗೆ ಎಕ್ಸ್‌ಪಿ (ಅನುಭವದ ಅಂಕ) ಕೊಟ್ಟರೆ ದಂಡ, ಎಳೆಯ ಸವಾರ ಫ್ರಾಂಜ್‌ನ ಬೆಳೆಸಿ ಅಂತಾರೆ. ಸ್ಪೀಡ್‌ರನ್‌ಗೂ ಅದು ನಿಜವಾ?

ಸೆತ್ ಕೈಗೆ ಜಾವೆಲಿನ್ (ಎಸೆಯೋ ಭರ್ಜಿ) ಕೊಟ್ಟು ಮುಂದೆ ನಿಲ್ಲಿಸಿದರೆ ಕಾಡಿನಲ್ಲಿ ನಿಂತಿರೋ ಕೊಡಲಿಯವರಿಗೆ ಏಟು ಬೀಳೋದೇ ಇಲ್ಲ. ಯಾಕೆ?

ಐರಿಕಾನ ಹೊತ್ತುಕೊಂಡು ಹೋಗಿ ಗೇಟ್ ಪಕ್ಕ ಇಳಿಸಿದೆ. ಇಳಿದವಳು ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತಳು, ಸೀಜ್ (ಗೇಟ್ ವಶ ಮಾಡಿ ಅಧ್ಯಾಯ ಮುಗಿಸೋ ಆಜ್ಞೆ) ಬರಲಿಲ್ಲ. ಇದು ಬಗ್ಗಾ?

ಕೊನೆಯದು, ಏಟು ತಪ್ಪಿದಾಗ ಸಸ್ಪೆಂಡ್‌ನಿಂದ (ನಡುವೆ ಉಳಿಸಿಟ್ಟ ಆಟದಿಂದ) ಮತ್ತೆ ಶುರು ಮಾಡಿದರೆ ಅದೇ ಏಟು ಮತ್ತೆ ತಪ್ಪುತ್ತೆ. ಎಷ್ಟು ಸಲ ಮಾಡಿದರೂ ಅಷ್ಟೇ.

ಏಳ್‌ಮನೆ

ಮೊದಲು ಶೀರ್ಷಿಕೆಗೆ ಉತ್ತರ. ಕಮ್ಮಿ ಟರ್ನ್‌ನಲ್ಲಿ ಮುಗಿಸೋದು ಒಂದು ಆಟ, ಕಮ್ಮಿ ನಿಮಿಷದಲ್ಲಿ ಮುಗಿಸೋದು ಬೇರೆ ಆಟ. ಒಂದು ಟರ್ನ್ ಉಳಿಸೋಕೆ ಆರು ಜನರನ್ನ ಒಬ್ಬೊಬ್ಬರಾಗಿ ಸರಿಸಿ, ಹತ್ತು ಸಲ ಮೆನು ತೆಗೆದರೆ ಆ ಟರ್ನ್ ಉಳಿಸಿದ್ದಕ್ಕಿಂತ ಜಾಸ್ತಿ ಟೈಮ್ ಅಲ್ಲೇ ಕಳೆದಿರ್ತೀರ. ನೀವು ಒಂದು ಏಟು ಹೊಡೀಬೇಕು ಅಂದರೆ ಆಳನ್ನ ಆರಿಸಬೇಕು, ಸರಿಸಬೇಕು, ಅಟ್ಯಾಕ್, ಆಯುಧ, ಗುರಿ, ಒಪ್ಪಿಗೆ. ಅದೇ ಶತ್ರು ತಾನಾಗಿ ಬಂದು ಸೆತ್ ಮೇಲೆ ಬಿದ್ದು ಸತ್ತರೆ ನೀವು ಒಂದು ಬಟನ್ನೂ ಒತ್ತಬೇಕಿಲ್ಲ. ಅದಕ್ಕೇ ಸೆತ್ ಒಬ್ಬನನ್ನ ನಾಲ್ಕೈದು ಶತ್ರುಗಳ ಅಳತೆಯೊಳಗೆ ನಿಲ್ಲಿಸಿ ಟರ್ನ್ ಮುಗಿಸೋದು. ಆದರೆ ಬಂದವರು ಆ ಸುತ್ತಿನಲ್ಲೇ ಸಾಯಬೇಕು. ಅರ್ಧಂಬರ್ಧ ಏಟು ತಿಂದು ಉಳಿದರೆ ಮುಂದಿನ ಸುತ್ತಿನಲ್ಲಿ ಅದೇ ಜಗಳ ಮತ್ತೆ ನೋಡ್ತಾ ಕೂರಬೇಕು.

ಕೈಯ ಕೆಲಸದಲ್ಲಿ ಉಳಿತಾಯ: ಬಿ ಒತ್ತಿ ಹಿಡಿದರೆ ಕರ್ಸರ್ ಓಡುತ್ತೆ. ಎಲ್ ಒತ್ತಿದರೆ ಇನ್ನೂ ಆಡದ ಆಳಿನ ಮೇಲೆ ಕರ್ಸರ್ ಹಾರುತ್ತೆ, ಹುಡುಕೋ ಕೆಲಸ ಇಲ್ಲ. ಟರ್ನ್ ಮುಗಿಸೋಕೆ ಖಾಲಿ ಮನೆ ಮೇಲೆ ಎ ಒತ್ತಿ, ಮೇಲಿನ ಬಾಣ ಒಂದೇ ಒಂದು ಸಲ. ಮೆನು ಸುತ್ತಿ ಕೆಳಗಿನ 'ಎಂಡ್' ಮೇಲೆ ನಿಲ್ಲುತ್ತೆ. ಕೆಳಗಿನ ಬಾಣ ಒತ್ತಿ ಒತ್ತಿ ಇಳಿಯೋರನ್ನ ನೋಡಿದರೆ ಹೊಟ್ಟೆ ಉರಿಯುತ್ತೆ. ಮಾತುಕತೆ ಬಂದ ಕೂಡಲೇ ಸ್ಟಾರ್ಟ್. ಈಸಿ ಮೋಡ್ ಶತ್ರುಗಳು ಮೆತ್ತಗಿದ್ದರೂ ಆರಂಭದಲ್ಲಿ ಪಾಠ ಹೇಳೋ ಪರದೆಗಳು ಬಂದು ಕೂರ್ತವೆ, ನಾರ್ಮಲ್ ಆರಿಸಿದ್ದು ಸರಿ.

ಇನ್ನು ಸೆತ್ ದಂಡ ಅನ್ನೋ ಮಾತು. ಬೇರೆ ಕೆಲವು ಫೈರ್ ಎಂಬ್ಲೆಮ್‌ಗಳಲ್ಲಿ ಶುರುವಿನಲ್ಲಿ ಸಿಗೋ ಹಿರಿಯ ಸವಾರ ಆಮೇಲೆ ಬೆಳೆಯಲ್ಲ, ಆ ಅನುಭವವನ್ನ ತಂದು ಇಲ್ಲಿ ಅಂಟಿಸ್ತಾರೆ. ಅಂಕಿ ನೋಡಿ. ಒಂದೊಂದು ಲೆವೆಲ್ ಏರಿದಾಗ ಶಕ್ತಿ ಬೆಳೆಯೋ ಸಾಧ್ಯತೆ ಸೆತ್‌ಗೆ ಶೇ 50, ಫ್ರಾಂಜ್‌ಗೆ ಶೇ 40. ಡಿಫೆನ್ಸ್ 40, 25. ಸ್ಪೀಡ್ ಮಾತ್ರ ಫ್ರಾಂಜ್‌ಗೆ 50, ಸೆತ್‌ಗೆ 45. ಅದರ ಮೇಲೆ ಸೆತ್ ಮೊದಲ ದಿನದಿಂದಲೇ ಪ್ಯಾಲಡಿನ್ (ಮೇಲಿನ ದರ್ಜೆಯ ಸವಾರ): ಶಕ್ತಿ 14, ಸ್ಪೀಡ್ 12, ಡಿಫೆನ್ಸ್ 11, ನಡಿಗೆ 8 ಮನೆ. ಸ್ಪೀಡ್‌ರನ್‌ನಲ್ಲಿ ಫ್ರಾಂಜ್ ಬೆಳೆಯೋವರೆಗೆ ಕಾಯೋದು ಅಂದರೆ ಬಾಗಿಲಲ್ಲಿ ಆಟೋ ನಿಂತಿರುವಾಗ ಸೈಕಲ್‌ಗೆ ಗಾಳಿ ಹೊಡೆದ ಹಾಗೆ. ಫ್ರಾಂಜ್‌ಗೆ ಬೇರೆ ಕೆಲಸ ಇದೆ, ಅದನ್ನ ಯಾರಾದರೂ ಬರೀತಾರೆ.

ಎರಡಂಕಿ

ಜಾವೆಲಿನ್ ಪ್ರಶ್ನೆ ನನಗಿರಲಿ.

ಹಿಟ್ (ಏಟು ತಾಗೋ ಸಾಧ್ಯತೆ) ಲೆಕ್ಕ ಹೀಗೆ: ಆಯುಧದ ಹಿಟ್ + ಸ್ಕಿಲ್ ಎರಡರಷ್ಟು + ಲಕ್ ಅರ್ಧ. ಸೆತ್ ಸ್ಕಿಲ್ 13, ಲಕ್ 13. ಜಾವೆಲಿನ್ ಹಿಟ್ 65, ಆದ್ದರಿಂದ 65 + 26 + 6 = 97. ಎದುರಿಗೆ ಕೊಡಲಿಯವನಿದ್ದರೆ ಭರ್ಜಿ ಸೋಲುವ ಜೋಡಿ, 15 ಕಳೆಯಿರಿ. ಅವನ ಸ್ಪೀಡ್ 5, ಲಕ್ ಸೊನ್ನೆ ಅಂತಿಟ್ಟುಕೊಳ್ಳಿ, ಅವಾಯ್ಡ್ (ಏಟು ತಪ್ಪಿಸಿಕೊಳ್ಳೋ ಅಂಕ) 10. ಬಯಲಲ್ಲಿ ಉಳಿಯೋದು 72. ಕಾಡು ಇನ್ನೂ 20 ಅವಾಯ್ಡ್ ಕೊಡುತ್ತೆ, ಅಲ್ಲಿಗೆ 52.

ಅದೇ ಸೆತ್ ಬಳಿ ಮೊದಲಿಂದ ಇರೋ ಸ್ಟೀಲ್ ಕತ್ತಿ: 75 + 26 + 6 = 107. ಕತ್ತಿ ಕೊಡಲಿಯನ್ನ ಗೆಲ್ಲುತ್ತೆ, 15 ಕೂಡಿಸಿ, ಅವಾಯ್ಡ್ 10 ಕಳೆದರೆ 112, ಅಂದರೆ ಪರದೆ ಮೇಲೆ 100. ಕಾಡಿನಲ್ಲೂ 92.

ಪರದೆ ಮೇಲೆ ಕಾಣೋ ಅಂಕಿ ನಿಜವಾದ ಸಾಧ್ಯತೆ ಅಲ್ಲ, ಅದನ್ನೂ ತಿಳ್ಕೊಳ್ಳಿ. ಈ ಆಟ 0ರಿಂದ 99ರೊಳಗೆ ಎರಡು ಅಂಕಿ ತೆಗೆದು ಅವುಗಳ ಸರಾಸರಿ ಹಿಟ್‌ಗಿಂತ ಕಮ್ಮಿ ಇದ್ದರೆ ಏಟು ತಾಗಿತು ಅನ್ನುತ್ತೆ. ಹಾಗಾಗಿ 50ರ ಮೇಲಿನದು ಇನ್ನೂ ಮೇಲಕ್ಕೆ, ಕೆಳಗಿನದು ಇನ್ನೂ ಕೆಳಕ್ಕೆ ಜಾರುತ್ತೆ. 92 ಅಂದರೆ ನಿಜದಲ್ಲಿ ಶೇ 98.80. 72 ಅಂದರೆ 84.60. 52 ಅಂದರೆ 54.40 ಅಷ್ಟೇ. ಕಾಡಿನಲ್ಲಿ ಜಾವೆಲಿನ್ ಎಸೆದು ಎರಡು ಏಟೂ ತಾಗಬೇಕು ಅಂದರೆ ಶೇ 30ರಷ್ಟು ಸಾಧ್ಯತೆ. ಸ್ಟೀಲ್ ಕತ್ತಿಯಲ್ಲಿ 97ಕ್ಕೂ ಮೇಲೆ. ಕ್ರಿಟಿಕಲ್‌ಗೆ (ಅಪರೂಪಕ್ಕೆ ಬೀಳೋ ಭಾರೀ ಏಟಿಗೆ) ಮಾತ್ರ ಒಂದೇ ಅಂಕಿ, ಅಲ್ಲಿ ಕಂಡದ್ದೇ ನಿಜ. ಅದಕ್ಕೇ ಶತ್ರುವಿನ ಕ್ರಿಟ್ 3 ಅಂತ ತೋರಿಸಿದರೂ ಹಗುರಾಗಿ ತಗೋಬೇಡಿ.

ಮೊದಲ ಕೆಲವು ಅಧ್ಯಾಯದಲ್ಲಿ ಬರೋರು ಬಹುಪಾಲು ಕೊಡಲಿಯವರೇ. ಅಲ್ಲಿ ಕತ್ತಿ. ಜಾವೆಲಿನ್ ಬೇಕಾಗೋದು ಬಿಲ್ಲುಗಾರ, ಮಂತ್ರದವರು ಎರಡು ಮನೆ ದೂರದಿಂದ ಹೊಡೆಯುವಾಗ; ಕತ್ತಿ ಹಿಡಿದಿದ್ದರೆ ಅವರಿಗೆ ತಿರುಗಿ ಹೊಡೆಯೋಕೆ ಆಗಲ್ಲ. ಜಾವೆಲಿನ್ ತೂಕ 11, ಸೆತ್ ಕಾನ್ (ಮೈಕಟ್ಟು) 11, ಸ್ಪೀಡ್ ಒಂದಿಷ್ಟೂ ಇಳಿಯಲ್ಲ. ಫ್ರಾಂಜ್ ಕಾನ್ 9, ಅದೇ ಜಾವೆಲಿನ್ ಹಿಡಿದರೆ ಸ್ಪೀಡ್ 2 ಹೋಯ್ತು. ಎರಡು ಏಟು ಹೊಡೆಯೋಕೆ ಎದುರಾಳಿಗಿಂತ ಸ್ಪೀಡ್ 4 ಜಾಸ್ತಿ ಬೇಕು, ಆ 2 ಅಲ್ಲೇ ಕೈ ಕೊಡೋದು.

ಇನ್ನೊಂದು ತಪ್ಪು ಎಲ್ಲರೂ ಮಾಡ್ತಾರೆ. ಯಾವ ಆಯುಧದಲ್ಲಿ ಹೊಡೆದಿರೋ ಅದು ಪಟ್ಟಿಯಲ್ಲಿ ಮೇಲಕ್ಕೆ ಬರುತ್ತೆ, ಶತ್ರುವಿನ ಸರದಿಯಲ್ಲಿ ಅದೇ ಕೈಯಲ್ಲಿರುತ್ತೆ. ಸೆತ್ ಬಳಿಯ ಸಿಲ್ವರ್ ಲ್ಯಾನ್ಸ್ ಭರ್ಜಿಯಲ್ಲಿ ಒಬ್ಬನನ್ನ ಕೊಂದು ಹಾಗೇ ಟರ್ನ್ ಮುಗಿಸಿದರೆ ಬರೋ ಪುಡಿ ಕಳ್ಳರ ಮೇಲೆಲ್ಲ ಸಿಲ್ವರ್ ಸವೆಯುತ್ತೆ. ಅದರ ಆಯಸ್ಸೇ 20 ಏಟು. ಅದನ್ನ ಬಾಸ್‌ಗಳಿಗೆ ಇಡಿ.

ಚೌಕಾಬಾರ_ಜಯನಗರ

ಅಯ್ಯೋ, ಸಿಲ್ವರ್ ಮೂರನೇ ಅಧ್ಯಾಯದಲ್ಲೇ ಖಾಲಿ ಆಗ್ತಿದ್ದದ್ದು ಇದಕ್ಕೇನಾ! ಐರಿಕಾ ವಿಷಯ ಯಾರಾದರೂ ಹೇಳಿ.

ಹೊರೆ_ಹೊತ್ತವ

ಬಗ್ ಅಲ್ಲ ಗುರು. ಈ ಆಟದಲ್ಲಿ ಡ್ರಾಪ್ ಆದ (ಹೊತ್ತವರು ಇಳಿಸಿದ) ಆಳು ಆ ಟರ್ನ್‌ಗೆ ಮುಗೀತು. ತಾನು ಆಡಿರಲಿ, ಬಿಡಲಿ, ನೆಲಕ್ಕೆ ಇಳಿದ ಕೂಡಲೇ ಬೂದು. ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಬೇಕು: ಮೂರನೇ ಟರ್ನ್‌ಗೆ ಸೀಜ್ ಬೇಕಾದರೆ ಎರಡನೇ ಟರ್ನ್ ಮುಗಿಯೋದರೊಳಗೆ ಐರಿಕಾ ಗೇಟ್‌ನಿಂದ ಐದು ಮನೆಯೊಳಗೆ ನೆಲದ ಮೇಲಿರಬೇಕು. ಕೊನೆಯ ಐದು ಮನೆ ಅವಳೇ ನಡೀತಾಳೆ. ಪಕ್ಕದಲ್ಲೇ ಇಳಿಸಬೇಕು ಅಂತ ಒದ್ದಾಡಿ ಒಬ್ಬ ಸವಾರನನ್ನ ಬಾಸ್ ಬಾಯಿಗೆ ಕೊಡೋದು ಬೇಡ.

ಸರಪಳಿ ಹೀಗೆ. ಐರಿಕಾ, ಅವಳ ಕೆಳಗಿನ ಮನೆಯಲ್ಲಿ ಪೆಗಸಸ್ (ಹಾರೋ ಕುದುರೆ) ಸವಾರಳಾದ ವನೆಸ್ಸಾ, ಅದರ ಕೆಳಗೆ ಫ್ರಾಂಜ್, ಒಂದೇ ಸಾಲಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಬಲಕ್ಕೆ ಬಯಲು. ಮೊದಲು ಐರಿಕಾ ತಾನೇ 5 ಮನೆ ನಡೆದು ನಿಲ್ಲಲಿ. ಆಡಿ ಮುಗಿಸಿದವಳನ್ನೂ ಎತ್ತಬಹುದು, ಇದನ್ನ ಮರೆತು ನಿಂತಲ್ಲಿಂದಲೇ ಎತ್ತೋರು ಐದು ಮನೆ ಕಳ್ಕೋತಾರೆ. ವನೆಸ್ಸಾ ನಡಿಗೆ 7. 5 ಮನೆ ಹಾರಿ ಐರಿಕಾ ಕೆಳಗೆ ಬಂದು ರೆಸ್ಕ್ಯೂ (ಎತ್ತಿಕೊಳ್ಳೋದು), ಉಳಿದ 2 ಮನೆ ಹೊತ್ತುಕೊಂಡು ಮುಂದೆ. ಎತ್ತಿದ ಮೇಲೂ ಉಳಿದ ನಡಿಗೆ ಸವಾರರಿಗೆ ಸಿಗುತ್ತೆ. ಫ್ರಾಂಜ್ ನಡಿಗೆಯೂ 7, ನೇರ ಬಂದು ವನೆಸ್ಸಾ ಕೆಳಗೆ ನಿಂತು ಟೇಕ್ (ಅವಳ ಹೊರೆ ತಾನು ತಗೊಳ್ಳೋದು), ಅಲ್ಲೇ ಮುಂದಿನ ಮನೆಗೆ ಡ್ರಾಪ್. ಟೇಕ್ ಮಾಡಿದವನು ಅದೇ ಟರ್ನ್‌ನಲ್ಲಿ ಇಳಿಸಬಹುದು. ಐರಿಕಾ 8 ಮನೆ ಮುಂದೆ. ಮೆಟ್ರೋ ಇಳಿದು ಫೀಡರ್ ಬಸ್ ಹತ್ತಿದ ಹಾಗೆ, ಬಸ್ ಸ್ಟಾಪ್‌ನಲ್ಲಿ ಕಾಯೋ ಹೊತ್ತು ಮಾತ್ರ ಇಲ್ಲ.

ಯಾರು ಯಾರನ್ನ ಹೊರಬಹುದು: ಕುದುರೆ ಮೇಲಿನ ಗಂಡಸರಿಗೆ ಏಡ್ (ಹೊರೋ ಸಾಮರ್ಥ್ಯ) ಅಂದರೆ 25ರಲ್ಲಿ ಅವರ ಕಾನ್ ಕಳೆದದ್ದು, ಹೆಂಗಸರಿಗೆ, ಪೆಗಸಸ್ ಸವಾರರೂ ಸೇರಿ, 20ರಲ್ಲಿ ಕಳೆದದ್ದು. ವನೆಸ್ಸಾ 15, ಫ್ರಾಂಜ್ 16, ಸೆತ್ 14. ಐರಿಕಾ ಕಾನ್ ಬರೀ 5, ಮೂವರೂ ಹೊರ್ತಾರೆ.

ಹೊರೆ ಹೊತ್ತವರ ಸ್ಪೀಡ್, ಸ್ಕಿಲ್ ಎರಡೂ ಅರ್ಧ. ಸೆತ್ ಹೊತ್ತರೆ ಸ್ಪೀಡ್ 12 ಹೋಗಿ 6, ಎರಡು ಏಟು ಹೊಡೆಯೋನು ಎರಡು ಏಟು ತಿನ್ನೋನಾಗ್ತಾನೆ. ಹೊರೋದು ಫ್ರಾಂಜ್ ಕೆಲಸ, ಹೊಡೆಯೋದು ಸೆತ್ ಕೆಲಸ. ವನೆಸ್ಸಾ ನಿಲ್ಲೋ ಮನೆ ಬಿಲ್ಲುಗಾರರ ಅಳತೆಯಲ್ಲಿದೆಯಾ ಅಂತ ಒಮ್ಮೆ ನೋಡಿ. ಬಾಣ ಬಿದ್ದರೆ ಅವಳ ಜೊತೆ ರನ್ನೂ ಹೋಗುತ್ತೆ.

ಒಂದನೇ ಅಧ್ಯಾಯದಲ್ಲಿ ವನೆಸ್ಸಾ ಇಲ್ಲ. ಗೇಟ್ ಮೇಲಿನ ಬಾಸ್ ಬ್ರೆಗೆಟ್ ಕವಚದವನು, ಐರಿಕಾಳ ರೇಪಿಯರ್ ಕತ್ತಿ ಅವನಿಗೆ ಚೆನ್ನಾಗಿ ತಾಗುತ್ತೆ ನಿಜ. ಆದರೆ ಅವಳು ಹೊಡೆದರೆ ಅವಳ ಸರದಿ ಅಲ್ಲಿಗೆ ಮುಗಿದು ಸೀಜ್ ಮುಂದಿನ ಟರ್ನ್‌ಗೆ ಹೋಗುತ್ತೆ. ಸೆತ್ ಸಿಲ್ವರ್‌ನಲ್ಲಿ ಮುಗಿಸಲಿ, ಅವಳು ಕಾಲು ಮಾತ್ರ ಆಡಿಸಲಿ.

ಏಳ್‌ಮನೆ

ಒಂದು ತಕರಾರು. ಮೇಲಿನ ಸರಪಳಿಗೆ ಮೂರು ಜನ, ರೆಸ್ಕ್ಯೂ, ಟೇಕ್, ಡ್ರಾಪ್ ಮೆನು ಎಲ್ಲ ಸೇರಿ ಎಷ್ಟೊಂದು ಬಟನ್. ಸಿಗೋದು ಟರ್ನ್‌ಗೆ 3 ಮನೆ. ಅಧ್ಯಾಯದ ಕೊನೆಗೆ ಆ 3 ಮನೆ ಒಂದು ಪೂರ್ತಿ ಟರ್ನ್ ಉಳಿಸಿದರೆ ಮಾತ್ರ ಮಾಡಿ. ಐರಿಕಾ ಗೇಟ್ ಮುಟ್ಟೋದು ಹೇಗೂ ನಾಲ್ಕನೇ ಟರ್ನ್‌ಗೇ ಆದರೆ ನಡೆದೇ ಹೋಗಲಿ. ಎಲ್ಲ ಶತ್ರುಗಳನ್ನೂ ಕೊಲ್ಲಬೇಕಾದ ಎರಡನೇ ಅಧ್ಯಾಯದಂಥ ಕಡೆ ಅವಳನ್ನ ಮುಟ್ಟಲೇಬೇಡಿ.

ಹೊರೆ_ಹೊತ್ತವ

ಒಪ್ಪಿದೆ. ಆದರೆ ಹತ್ತನೇ ಅಧ್ಯಾಯದಲ್ಲಿ ನರ್ತಕಿ ಟೆಥಿಸ್ ಬಂದಮೇಲೆ ಲೆಕ್ಕ ಬದಲಾಗುತ್ತೆ. ಇಳಿದು ಬೂದಾದ ಐರಿಕಾ ಪಕ್ಕ ಟೆಥಿಸ್ ಕುಣಿದರೆ ಐರಿಕಾಗೆ ಸರದಿ ವಾಪಸ್, ಅದೇ ಟರ್ನ್‌ನಲ್ಲಿ ನಡೆದು ಸೀಜ್. ಟೆಥಿಸ್ ಕಾಲಾಳು, ಅವಳೂ ಅಷ್ಟು ದೂರ ಬಂದಿರಬೇಕು ಅನ್ನೋದೇ ತೊಡಕು. ಐರಿಕಾ ದಾರಿ ನನಗೆ ಇಷ್ಟ ಆಗೋದು ಇದಕ್ಕೇ. ಒಂಬತ್ತರಲ್ಲಿ ಇನ್ನೊಬ್ಬ ಪೆಗಸಸ್ ಸವಾರಳು ಟಾನಾ, ಹತ್ತರಲ್ಲಿ ಟೆಥಿಸ್.

ಬೀಜಗಣಿತ

ಸಸ್ಪೆಂಡ್ ವಿಷಯ. ಈ ಆಟದ ರ‍್ಯಾಂಡಮ್ ಅಂಕಿಗಳು ಹೊತ್ತಿನ ಜೊತೆ ಓಡಲ್ಲ. ಒಂದು ಸಾಲಿನಲ್ಲಿ ನಿಂತಿರ್ತವೆ, ಕೆಲಸ ಬಿದ್ದಾಗ ಮಾತ್ರ ಒಂದೊಂದೇ ಖರ್ಚಾಗ್ತವೆ. ಏಟಿಗೆ ಎರಡು, ತಾಗಿದರೆ ಕ್ರಿಟ್‌ಗೆ ಒಂದು, ಲೆವೆಲ್ ಏರಿದರೆ ಕನಿಷ್ಠ ಏಳು. ಸಾಲಿನಲ್ಲಿ ಎಲ್ಲಿದ್ದೀರ ಅನ್ನೋದನ್ನ ಸಸ್ಪೆಂಡ್ ಕೂಡ ಉಳಿಸಿಕೊಳ್ಳುತ್ತೆ. ಅದೇ ಆಳು ಅದೇ ಏಟು ಹೊಡೆದರೆ ಅದೇ ಅಂಕಿ. ಹತ್ತು ನಿಮಿಷ ಬಿಟ್ಟು ಟೀ ಕುಡಿದು ಬಂದು ಹೊಡೆದರೂ ಅಷ್ಟೇ.

ಬದಲಾಯಿಸೋಕೆ ಸುಲಭ ದಾರಿ ಸರದಿ ಬದಲಿಸೋದು: ಬೇರೆಯವನು ಮೊದಲು ಎಲ್ಲಾದರೂ ಒಂದು ಏಟು ಹೊಡೆಯಲಿ. ಯಾರೂ ಹೊಡೆಯೋಕೆ ಇಲ್ಲದಿದ್ದರೆ, ಆಳು ನಡೆಯೋ ದಾರಿ ತೋರಿಸೋ ಬಾಣದ ಉಪಾಯ. ಆಳನ್ನ ಆರಿಸಿ ಕರ್ಸರನ್ನ ಅವನು ನಡೆಯಬಹುದಾದ ನೀಲಿ ಮನೆಗಳೊಳಗೆ ಸುತ್ತಿಸಿ, ಬಾಣ ಅವನ ನಡಿಗೆಗಿಂತ ಉದ್ದ ಆಗೋವರೆಗೆ. ಆಗ ಆಟ ಬಾಣ ಅಳಿಸಿ ತಾನೇ ಹತ್ತಿರದ ದಾರಿ ಬರೆಯುತ್ತೆ. ಅಷ್ಟೇ ದೂರದ ಎರಡು ದಾರಿ ಇದ್ದರೆ ಯಾವುದು ಅಂತ ಆರಿಸೋಕೆ ಅಂಕಿ ಖರ್ಚು ಮಾಡುತ್ತೆ. ಆಮೇಲೆ ಬಿ ಒತ್ತಿ ರದ್ದು ಮಾಡಿ, ಖರ್ಚಾದದ್ದು ಖರ್ಚೇ. ಕರ್ಸರ್ ಆಳಿನ ನೇರ ಸಾಲಿನಲ್ಲಿದ್ದರೆ ಏನೂ ಆಗಲ್ಲ, ಅಲ್ಲಿ ಹತ್ತಿರದ ದಾರಿ ಒಂದೇ. ಓರೆಯಾಗಿರೋ ಮನೆ ಬೇಕು.

ರನ್ ನಡುವೆ ರೀಸೆಟ್ ಮಾಡಿದರೂ ಟೈಮರ್ ನಿಲ್ಲಲ್ಲ, ಹಾಗಾಗಿ ಇದು ಐರಿಕಾ ಸತ್ತಾಗಿನ ಕೊನೆ ಉಪಾಯ. ಪ್ರಾಕ್ಟೀಸ್‌ಗೆ ಮಾತ್ರ ಬಂಗಾರ. ಅಂದಹಾಗೆ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡೋದಾದರೆ ಯುಪಿಎಸ್ ಇರಲಿ. ನಮ್ಮೂರಲ್ಲಿ ಮೇ ತಿಂಗಳ ಸಂಜೆ ನಾಲ್ಕು ಹನಿ ಬಿದ್ದರೆ ಕರೆಂಟ್ ಗ್ಯಾರಂಟಿ ಇಲ್ಲ.

ಚೌಕಾಬಾರ_ಜಯನಗರ

ಎಲ್ಲರಿಗೂ ಥ್ಯಾಂಕ್ಸ್. ಕಡೇ ಡೌಟು: ಹದಿನೈದನೇ ಅಧ್ಯಾಯದ ಮರಳಿನಲ್ಲಿ ಸೆತ್ ಆಮೆ ಆಗ್ತಾನೆ. ಅಲ್ಲಿ ಯಾರನ್ನ ನಂಬೋದು?

ಹೊರೆ_ಹೊತ್ತವ

ಮರಳು ಕುದುರೆಗೆ ಶತ್ರು. ಹಾರೋರಿಗೂ ಮಂತ್ರದವರಿಗೂ ಅದು ಬಯಲಿದ್ದ ಹಾಗೆ. ಟಾನಾ, ವನೆಸ್ಸಾ ಇಬ್ಬರನ್ನೂ ಅಲ್ಲಿವರೆಗೆ ಉಳಿಸಿಕೊಳ್ಳಿ, ಒಬ್ಬಳಿಗಾದರೂ ಪ್ರಮೋಷನ್ ಆಗಿರಲಿ. ಸೆತ್‌ನ ದೂರ ಓಡಿಸಬೇಡಿ, ಶತ್ರು ತಾನಾಗಿ ಬರೋ ಕಡೆ ನಿಲ್ಲಿಸಿ. ಮುಂದೆ ಪ್ರಮೋಷನ್ ಆದಮೇಲೆ ಐರಿಕಾನೂ ಕುದುರೆ ಏರ್ತಾಳೆ, ಆಮೇಲೆ ಹೊರೋ ಕೆಲಸ ಅರ್ಧ ಕಮ್ಮಿ.