ಟೆದರ್ ಮಾಡಿ ಬೆಟ್ಟಗಳ ಚಿತ್ರ ತೆಗೆಯುವಾಗ ವೈಟ್ ಬ್ಯಾಲೆನ್ಸ್: ಗ್ರೇ ಕಾರ್ಡ್ ಬಳಸಿದರೂ ಬಣ್ಣ ಕೆಡುವುದೇಕೆ?

ಪ್ರಶ್ನೆ (ಮಡಿಕೇರಿಯಿಂದ)

ನಮ್ಮ ಕಾಫಿ ತೋಟದ ಮೇಲಂಚಿನಲ್ಲಿ ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾವನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು (ಟೆದರ್ ಮಾಡಿ), ಪಶ್ಚಿಮದ ಬೆಟ್ಟಸಾಲನ್ನು ಬೆಳಗಿನ ಆರರಿಂದ ಎಂಟರವರೆಗೆ ಚಿತ್ರಿಸುತ್ತಿದ್ದೇನೆ. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ತಾನೇ ಚಿತ್ರದ ಬಣ್ಣ ಹೊಂದಿಸುವ ವ್ಯವಸ್ಥೆ) ಇಟ್ಟಾಗ ಮಂಜು ಸರಿದಂತೆಲ್ಲ ಬಣ್ಣವೂ ಬದಲಾಗಿ, ಪನೋರಮಾಕ್ಕೆಂದು (ಪಕ್ಕಪಕ್ಕ ಸೇರಿಸಿ ಮಾಡುವ ಅಗಲ ಚಿತ್ರಕ್ಕೆಂದು) ತೆಗೆದ ಏಳು ಚಿತ್ರಗಳಲ್ಲಿ ಮೂರು ನೀಲಿಗೂ ಉಳಿದವು ಹಳದಿಗೂ ವಾಲಿದ್ದವು. ಆದ್ದರಿಂದ ಸಿಲ್ವರ್ ಓಕ್ ಮರದ ಬುಡದಲ್ಲಿ ಗ್ರೇ ಕಾರ್ಡ್ (ಬಣ್ಣದ ಅಳತೆಗೆಂದು ಇಡುವ ಬೂದು ಬಣ್ಣದ ಹಾಳೆ) ಇರಿಸಿ, ಒಂದು ಚಿತ್ರ ತೆಗೆದು, ತಂತ್ರಾಂಶದಲ್ಲಿ ಬಣ್ಣ ಅಳೆಯುವ ಡ್ರಾಪರನ್ನು ಅದರ ಮೇಲೆ ಒತ್ತಿ, ಅದೇ ಮಾಪನವು ಮುಂದಿನ ಎಲ್ಲ ಚಿತ್ರಗಳಿಗೂ ಅನ್ವಯಿಸುವಂತೆ ಮಾಡಿದೆ. ಈಗ ಬೆಟ್ಟವೆಲ್ಲ ಕಿತ್ತಳೆಯಾಗಿ, ಮೇಲೆ ಮೆಜೆಂಟಾ (ನೇರಳೆಗೆಂಪು) ಛಾಯೆ ಬೇರೆ. ತಪ್ಪು ಎಲ್ಲಿದೆ?

ಉತ್ತರ (ಸೋಮವಾರಪೇಟೆಯಿಂದ)

ಕಾರ್ಡ್ ಸುಳ್ಳು ಹೇಳಿಲ್ಲ. ತಾನಿದ್ದ ಜಾಗದ ಬೆಳಕನ್ನಷ್ಟೇ ಹೇಳಿದೆ. ಮರದಡಿಗೆ ಬರುವುದು ಆಕಾಶದ ನೀಲಿ ಬೆಳಕು ಮತ್ತು ಎಲೆಗಳಿಂದ ಸೋಸಿ ಬಂದ ಹಸಿರು ಬೆಳಕು. ಅದನ್ನು ಸರಿಪಡಿಸಲು ತಂತ್ರಾಂಶವು ಹಳದಿಯನ್ನೂ ಮೆಜೆಂಟಾವನ್ನೂ ಸೇರಿಸಿದೆ, ಆ ಸೇರಿಕೆ ಬಿಸಿಲಿನಲ್ಲಿರುವ ಬೆಟ್ಟದ ಮೇಲೆ ಕುಳಿತಿದೆ. ಕಾರ್ಡನ್ನು ನೆರಳಿನಿಂದ ಆಚೆ ಒಯ್ದು, ಬೆಟ್ಟದ ಮುಖ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ, ಎಂದರೆ ನಿಮ್ಮಲ್ಲಿ ಪೂರ್ವಕ್ಕೆ, ತಿರುಗಿಸಿ ಹಿಡಿಯಿರಿ. ನಿಮ್ಮ ತೋಟಕ್ಕೆ ಬಿಸಿಲು ಇಳಿಯುವ ಮೊದಲೇ ಎದುರಿನ ಬೆಟ್ಟಕ್ಕೆ ಬಿದ್ದಿದ್ದರೆ ಕಾರ್ಡ್ ಮಡಚಿಟ್ಟು, ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಕ್ಯಾಮೆರಾದಲ್ಲಿ ಅಂಕೆ ಏರಿಸಿದಷ್ಟೂ ಚಿತ್ರ ಹಳದಿಗೆ ವಾಲುತ್ತದೆ) 5200ರಿಂದ 5500ರೊಳಗೆ ಒಂದು ಅಂಕೆಯನ್ನು ನಿಗದಿಮಾಡಿ. ಮೋಡ ಕವಿದಿದ್ದರೆ 6000ದಿಂದ 6500. ಇನ್ನೊಂದು ಮಾತು, ಮಂಜು ಬೆಳ್ಳಗಿದೆಯೆಂದು ಡ್ರಾಪರನ್ನು ಅದರ ಮೇಲೆ ಒತ್ತಬೇಡಿ. ಮುಂಜಾವದ ಮಂಜು ಇರುವುದೇ ನೀಲಿಯಾಗಿ. ಅದನ್ನು ಬೂದು ಬಣ್ಣಕ್ಕೆ ತಂದರೆ ಮಧ್ಯಾಹ್ನ ತೆಗೆದ ಚಿತ್ರದಂತಾಗುತ್ತದೆ.

ಉತ್ತರ (ವಿರಾಜಪೇಟೆಯಿಂದ)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅಂಕೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಾವು ತೆಗೆಯುತ್ತಿರುವುದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೈಲ್) ಆಗಿದ್ದರೆ ವೈಟ್ ಬ್ಯಾಲೆನ್ಸ್ ಅದರೊಳಗೆ ಒಂದು ಸೂಚನೆಯಾಗಿ ಮಾತ್ರ ಇರುತ್ತದೆ. ಏಳೂ ಚಿತ್ರಗಳನ್ನು ಆಯ್ದು ಒಂದೇ ಅಂಕೆ ಕೊಟ್ಟರೆ ಹಳೆಯ ಪನೋರಮಾ ಈಗಲೂ ಸರಿಹೋಗುತ್ತದೆ. ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಜೆಪೆಗ್ ಆಗಿದ್ದರೆ ಆ ಅನುಕೂಲವಿಲ್ಲ. ರಾ ಇದ್ದರೂ ಸ್ಥಳದಲ್ಲೇ ಹೊಂದಿಸಿಕೊಳ್ಳುವುದು ಒಳ್ಳೆಯದೆನ್ನಲು ಕಾರಣ ಬೇರೆ: ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು ಎಷ್ಟೆಷ್ಟಿದೆಯೆಂದು ತೋರಿಸುವ ನಕ್ಷೆ) ವೈಟ್ ಬ್ಯಾಲೆನ್ಸ್ ಹಾಕಿದ ಮೇಲಿನದು. 9000ದ ಸುಮಾರಿಗೆ ಇಟ್ಟು ಸೂರ್ಯೋದಯ ತೆಗೆದರೆ ಕೆಂಪು ಚಾನೆಲ್ ತುಂಬಿ ಹರಿದಂತೆ ಕಾಣುತ್ತದೆ, ನಾವು ಗಾಬರಿಯಿಂದ ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕು) ಇಳಿಸುತ್ತೇವೆ, ಆಮೇಲೆ ಕಣಿವೆಯ ನೆರಳಿನಲ್ಲಿ ನಾಯ್ಸ್ (ಕಾಳುಕಾಳಾದ ಕಲೆ) ಏಳುತ್ತದೆ.

ಅಂಕೆಗಳ ತೂಕವೂ ಒಂದೇ ಅಲ್ಲ. 3000ದ ಬಳಿ 100 ಕೆಲ್ವಿನ್ ಬದಲಿಸಿದರೆ ಕಣ್ಣಿಗೆ ಗೊತ್ತಾಗುತ್ತದೆ. 7000ದ ಬಳಿ ಅಷ್ಟೇ ಬದಲಾವಣೆ ಅದರ ಐದನೆಯ ಒಂದು ಪಾಲಿನಷ್ಟೂ ಅಲ್ಲ.

ಒಂದು ಸಂಶಯ: ಲ್ಯಾಪ್‌ಟಾಪಿನಲ್ಲಿ ನೈಟ್ ಲೈಟ್ ಚಾಲೂ ಇದೆಯೇ ನೋಡಿ.

ಪ್ರಶ್ನೆ ಕೇಳಿದವರು

ಇತ್ತು! ಬೆಳಿಗ್ಗೆ ಏಳರವರೆಗೆ ಪರದೆ ಹಳದಿಯಾಗಿರುವಂತೆ ಯಾವಾಗಲೋ ನಾನೇ ಹೊಂದಿಸಿ ಮರೆತಿದ್ದೆ. ಅದನ್ನು ತೆಗೆದ ಮೇಲೂ ಕಿತ್ತಳೆ ಪೂರ್ತಿ ಹೋಗಲಿಲ್ಲವಾದ್ದರಿಂದ ಮರದಡಿಯ ಕಾರ್ಡಿನ ದೋಷವೂ ನಿಜವೇ. ಇಂದು ಕಾಫಿ ಒಣಗಿಸುವ ಕಣದಲ್ಲಿ, ಬಿಸಿಲು ಬಿದ್ದ ಮೇಲೆ, ಕಾರ್ಡನ್ನು ಪೂರ್ವಕ್ಕೆ ತಿರುಗಿಸಿ ಹಿಡಿದೆ, 5350 ಬಂತು. ಬಿಸಿಲು ಬರುವ ಮುಂಚಿನ ಚಿತ್ರಗಳಿಗೂ ಅದನ್ನೇ ಕೊಟ್ಟಾಗ ಮಂಜಿನ ನೀಲಿ ಹಾಗೇ ಉಳಿಯಿತು, ಪನೋರಮಾದ ಸೇರಿಕೆಗಳೂ ಕಾಣುತ್ತಿಲ್ಲ. ಮುನ್ನೆಲೆಯ ಸಿಲ್ವರ್ ಓಕ್ ಕಾಂಡಗಳು ಮಾತ್ರ ಈಗ ತುಸು ನೀಲಿಯಾಗಿವೆ. ಅವು ನೆರಳಿನಲ್ಲೇ ಇದ್ದವಾದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.