ಪರ್ಪೆಚುವಲ್ ಕ್ಯಾಲೆಂಡರ್ ವಾಚ್: ಡಯಲ್ ನೋಡಿ ಕೊಳ್ಳೋದಾ, ಹೊಂದಿಸೋ ವಿಧಾನ ನೋಡಿ ಕೊಳ್ಳೋದಾ?

ಕಕ್ಕಡಮಳೆ, ಪೊಲ್ಲಿಬೆಟ್ಟ

ಎಲ್ಲರಿಗೂ ನಮಸ್ಕಾರ. ಪರ್ಪೆಚುವಲ್ ಕ್ಯಾಲೆಂಡರ್ ವಾಚು (ಯಾವ ತಿಂಗಳಿಗೆ ಎಷ್ಟು ದಿನ, ಯಾವುದು ಅಧಿಕ ವರ್ಷ ಅಂತ ತಾನೇ ಲೆಕ್ಕ ಹಾಕಿ ತಾರೀಖು ತೋರಿಸೋದು) ಒಂದು ಕೊಳ್ಳಬೇಕು ಅಂತಿದೆ. ಸೆಕೆಂಡ್‌ಹ್ಯಾಂಡ್ ಪಾಟೆಕ್ ಫಿಲಿಪ್ 3940, ಐಡಬ್ಲ್ಯುಸಿ ಪೋರ್ಚುಗೀಸರ್, ಎಚ್. ಮೋಸರ್ ಎಂಡೆವರ್, ಈ ಮೂರರಲ್ಲಿ ಒಂದು. ನೋಡೋಕೆ ಮೂರೂ ಬೇರೆ ಬೇರೆ, ಮಾಡೋ ಕೆಲಸ ಮಾತ್ರ ಒಂದೇ. ಫ್ರೆಡರಿಕ್ ಕಾನ್‌ಸ್ಟಂಟ್ 2016ರಲ್ಲಿ ಇದೇ ಕೆಲಸ ಮಾಡೋ ಸ್ಟೀಲ್ ವಾಚನ್ನು ಸುಮಾರು 8,000 ಯೂರೋಗೆ ಬಿಟ್ಟಿತ್ತು. ಹಾಗಾದರೆ ಅದರ ಎಷ್ಟೋ ಪಟ್ಟು ದುಡ್ಡು ಯಾವುದಕ್ಕೆ ಕೊಡ್ತೀವಿ? ಇನ್ನೊಂದು, ನಮ್ಮ ಕೊಡಗಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಎರಡೆರಡು ದಿನ ಇರಲ್ಲ, ಸರ್ವಿಸ್ ಅಂದ್ರೆ ಬೆಂಗಳೂರಿಗೇ ಹೋಗಬೇಕು. ಇದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ಹಲ್ಲುಚಕ್ರ

ಸರ್, ಮೊದಲು ಒಳಗೆ ಏನಾಗುತ್ತೆ ನೋಡಿ, ಬೆಲೆಯ ವಿಷಯ ಅರ್ಧ ಅಲ್ಲೇ ಬಗೆಹರಿಯುತ್ತೆ. ಸಾಮಾನ್ಯ ವಿನ್ಯಾಸದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸುತ್ತೋ ಒಂದು ತಟ್ಟೆ ಇರುತ್ತೆ, ಅದರ ಅಂಚಿನಲ್ಲಿ 48 ತಿಂಗಳಿಗೆ 48 ಜಾಗ. 31 ದಿನದ ತಿಂಗಳಿಗೆ ಅಂಚು ಪೂರ್ತಿ ಎತ್ತರ, 30ಕ್ಕೆ ಸಣ್ಣ ಕಚ್ಚು, 28ರ ಫೆಬ್ರವರಿಗೆ ಅತಿ ಆಳದ ಕಚ್ಚು, ಅಧಿಕ ವರ್ಷದ 29ಕ್ಕೆ ಅದಕ್ಕಿಂತ ಕೂದಲೆಳೆಯಷ್ಟು ಕಮ್ಮಿ. ಒಂದು ಉದ್ದ ಲಿವರಿನ ಮೂಗು ಆ ಕಚ್ಚಿನೊಳಗೆ ಇಳಿದು ಆಳ ಅಳೆಯುತ್ತೆ, ಅದರ ಪ್ರಕಾರ ತಾರೀಖಿನ ಚಕ್ರವನ್ನು ತಳ್ಳುತ್ತೆ. ಫೆಬ್ರವರಿ 28ರ ರಾತ್ರಿ ಒಂದರ ಬದಲು ನಾಲ್ಕು ಹಲ್ಲು ದಾಟಬೇಕು. 28ರ ಕಚ್ಚಿಗೂ 29ರ ಕಚ್ಚಿಗೂ ಇರೋ ಆ ಚೂರು ವ್ಯತ್ಯಾಸವನ್ನು ತಪ್ಪದೆ ಓದೋ ಹಾಗೆ ಅಂಚು ಉಜ್ಜಿ, ಸ್ಪ್ರಿಂಗಿನ ಬಿಗಿ ಹೊಂದಿಸೋದು ಕೈಕೆಲಸ. ದುಡ್ಡು ಹೋಗೋದು ಅಲ್ಲಿಗೆ. ಕೇಸಿನ ಚಿನ್ನ ಬೆಲೆಯಲ್ಲಿ ಒಂದು ಸಣ್ಣ ಪಾಲು ಅಷ್ಟೆ.

ಆಮೇಲೆ ಹೊಂದಿಸೋ ವಿಧಾನ. ನನ್ನ ಪ್ರಕಾರ ವಿನ್ಯಾಸವನ್ನು ಅಳೆಯಬೇಕಾದ್ದು ಇದರಲ್ಲೇ. 1985ರಲ್ಲಿ ಬಂದ 3940 ಹಳೇ ಪದ್ಧತಿಯದು. ಕೇಸಿನ ಬದಿಯಲ್ಲಿ ಕುಳಿಯೊಳಗಿನ ಪುಟ್ಟ ಗುಂಡಿಗಳು, ವಾರ, ತಾರೀಖು, ತಿಂಗಳು ಎಲ್ಲ ಬೇರೆ ಬೇರೆ. ಅದೇ 1985ರಲ್ಲಿ ಐಡಬ್ಲ್ಯುಸಿಯ ಕುರ್ಟ್ ಕ್ಲೌಸ್ ಡಾ ವಿಂಚಿ ಅನ್ನೋ ವಾಚಿಗೆ ಮಾಡಿದ 81 ಬಿಡಿಭಾಗಗಳ ಮಾಡ್ಯೂಲಿನಲ್ಲಿ ಗುಂಡಿಯೇ ಇಲ್ಲ, ಕ್ರೌನ್ (ಬದಿಯಲ್ಲಿರೋ ಕೀ ಕೊಡೋ ತಿರುಪು) ತಿರುಗಿಸಿದ್ರೆ ತಾರೀಖು, ವಾರ, ತಿಂಗಳು, ನಾಲ್ಕಂಕಿಯ ವರ್ಷ ಎಲ್ಲ ಒಟ್ಟಿಗೆ ಮುಂದೆ ಹೋಗುತ್ತೆ. ಪೋರ್ಚುಗೀಸರಿನಲ್ಲೂ ಇದೇ ಪದ್ಧತಿ. ತೊಂದರೆ ಒಂದೇ, ಹಿಂದಕ್ಕೆ ಬರಲ್ಲ. ಐದು ದಿನ ಹೆಚ್ಚಿಗೆ ತಿರುಗಿಸಿಬಿಟ್ರೆ ಕೀ ಕೊಡದೆ ನಿಲ್ಲಿಸಿ, ಆ ತಾರೀಖು ಬರೋವರೆಗೆ ಕಾಯಬೇಕು. ತುಂಬಾ ಮುಂದೆ ಹೋದ್ರೆ ಸರ್ವಿಸೇ ಗತಿ. ಮೋಸರ್ ಹಿಂದಕ್ಕೂ ಮುಂದಕ್ಕೂ ಹೋಗುತ್ತೆ. ಅದರ ತಿಂಗಳ ಮುಳ್ಳು ನಡುವಿನಲ್ಲಿರೋ ಚಿಕ್ಕ ಬಾಣ, ಗಂಟೆಯ ಗುರುತುಗಳನ್ನೇ ತಿಂಗಳಾಗಿ ಓದಬೇಕು, 3ರ ಕಡೆ ತೋರಿಸಿದ್ರೆ ಮಾರ್ಚ್. ಅಧಿಕ ವರ್ಷದ ಸೂಚಕ ಹಿಂಬದಿಗೆ. ಇಷ್ಟು ನಿಚ್ಚಳವಾದ ಡಯಲ್ ಈ ಜಾತಿಯಲ್ಲಿ ನಂಗೆ ಬೇರೆ ಕಂಡಿಲ್ಲ.

ಅಂದಕ್ಕೆ 3940ರ ಮುಂದೆ ಯಾವುದೂ ನಿಲ್ಲಲ್ಲ, ಒಪ್ತೀನಿ. 36 ಮಿ.ಮೀ., ಮೂರು ಸಣ್ಣ ವೃತ್ತ, ಒಂದೂ ಇನ್ನೊಂದನ್ನು ತುಳಿಯಲ್ಲ. ಆದ್ರೆ ಪೂರ್ತಿ ಕೀ ಇದ್ರೂ ಅದು ಓಡೋದು ಎರಡು ದಿನ ಮಾತ್ರ. ಐಡಬ್ಲ್ಯುಸಿಯ 44 ಮಿ.ಮೀ. ಮಾದರಿ, ಮೋಸರ್ ಎರಡೂ ಏಳು ದಿನ. ನಿಮ್ಮ ಊರಿಗೆ ಈ ಲೆಕ್ಕವೇ ದೊಡ್ಡದು.

ಎರಡನೇಮುಳ್ಳು, ಮಡಿಕೇರಿ

ಹಲ್ಲುಚಕ್ರ ಅವರು ಹೇಳಿದ್ದು ಸರಿ. 3940 ತಗೊಂಡ್ರೆ ನಿಂತ ವಾಚನ್ನು ಹೀಗೆ ಹೊಂದಿಸಿ. ಪೂರ್ತಿ ಕೀ ಕೊಡಿ. ಕ್ರೌನ್ ಎಳೆದು ಮುಳ್ಳುಗಳನ್ನು ಮುಂದಕ್ಕೇ ತಿರುಗಿಸಿ, ತಾರೀಖು ಬದಲಾದ್ರೆ ಆಗಷ್ಟೇ ಮಧ್ಯರಾತ್ರಿ ದಾಟಿತು ಅಂತ ಅರ್ಥ. ಅಲ್ಲಿಂದ ಬೆಳಗಿನ 6 ಗಂಟೆಗೆ ತನ್ನಿ. ಒಂಬತ್ತರ ಜಾಗದ 24 ಗಂಟೆಯ ಮುಳ್ಳು ಹಗಲು ತೋರಿಸ್ತಿದೆಯಾ ನೋಡಿಕೊಳ್ಳಿ. ಆಮೇಲೆ ಗುಂಡಿಗಳು, ಕೈಪಿಡಿಯಲ್ಲಿ ಹೇಳಿರೋ ಕ್ರಮದಲ್ಲೇ. ಪ್ರತಿ ಸಲ ಕೊನೆಯವರೆಗೂ ಒತ್ತಿ ಪೂರ್ತಿ ಬಿಡಬೇಕು, ಅರೆಬರೆ ಒತ್ತಿದ್ರೆ ಮುಳ್ಳು ಎರಡರ ನಡುವೆ ನಿಲ್ಲುತ್ತೆ. ವರ್ಷಕ್ಕೆ ಬೇರೆ ಗುಂಡಿ ಇಲ್ಲ, ತಿಂಗಳ ಗುಂಡಿಯನ್ನೇ ಒತ್ತುತ್ತಾ ಹೋಗಬೇಕು. ಒಂದು ಒತ್ತು ಹೆಚ್ಚಾದ್ರೆ ಇನ್ನೂ 47 ಸಲ.

ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಗುಂಡಿ ಮುಟ್ಟಲೇಬೇಡಿ. ಆ ಹೊತ್ತಿಗೆ ತಳ್ಳೋ ಬೆರಳು ಚಕ್ರದ ಹಲ್ಲಿಗೆ ಕೂತಿರುತ್ತೆ, ನೀವು ಇನ್ನೊಂದು ಕಡೆಯಿಂದ ತಳ್ಳಿದ್ರೆ ಲಿವರ್ ಬಾಗುತ್ತೆ, ಇಲ್ಲಾ ಹಲ್ಲು ಮುರಿಯುತ್ತೆ. ಆಮೇಲೆ ತಾರೀಖು ಒಮ್ಮೆಗೆ ಎರಡು ಹಾರೋದು, ತಿಂಗಳ ಕೊನೆಗೆ 31ರಲ್ಲೇ ಸಿಕ್ಕಿಕೊಳ್ಳೋದು ಶುರು. ಪೆಟ್ಟಿಗೆಯಲ್ಲಿ ಕೊಟ್ಟಿರೋ ಕಡ್ಡಿಯನ್ನೇ ಬಳಸಿ. ಗುಂಡುಪಿನ್ನು, ಪೇಪರ್ ಕ್ಲಿಪ್ ಜಾರಿದ್ರೆ ಚಿನ್ನದ ಬದಿಗೆ ಗೀರು ಗ್ಯಾರಂಟಿ.

ಕಕ್ಕಡಮಳೆ, ಪೊಲ್ಲಿಬೆಟ್ಟ

ತುಂಬಾ ಉಪಕಾರ ಇಬ್ಬರಿಗೂ. ವೈಂಡರ್ (ವಾಚನ್ನು ತಿರುಗಿಸ್ತಾ ಕೀ ಕೊಡೋ ಕರೆಂಟಿನ ಪೆಟ್ಟಿಗೆ) ಇಟ್ಟು ಓಡಿಸ್ತಾ ಇದ್ರೆ ಈ ತಲೆನೋವು ತಪ್ಪಲ್ವಾ? ಹಾಗೇ ಚಂದ್ರನನ್ನ ಹೊಂದಿಸೋದು ಹೇಗೆ? ಜೂನಿಂದ ಆಕಾಶವೇ ಕಾಣಲ್ಲ.

ಹುತ್ತರಿಹುಣ್ಣಿಮೆ, ವಿರಾಜಪೇಟೆ

ವೈಂಡರಿಗೆ ಇನ್ವರ್ಟರ್ ಅಥವಾ ಬ್ಯಾಟರಿ ಕೊಟ್ರೆ ಮಾತ್ರ ಉಪಯೋಗ. ಮೋಸರ್ ಎಂಡೆವರಿಗೆ ಅದು ಬೇಡವೇ ಬೇಡ, ಕೈಯಲ್ಲೇ ಕೀ ಕೊಡೋದು. ಭಾನುವಾರ ಬೆಳಿಗ್ಗೆ ಅಂತ ಒಂದು ಹೊತ್ತು ಗೊತ್ತು ಮಾಡಿಕೊಂಡ್ರೆ ನಿಲ್ಲೋದೇ ಇಲ್ಲ.

ಚಂದ್ರನನ್ನು ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಹುಣ್ಣಿಮೆಗೆ ಹೊಂದಿಸಿ, ಅಷ್ಟೊತ್ತಿಗೆ ಆಕಾಶ ತೊಳೆದಿಟ್ಟ ಹಾಗಿರುತ್ತೆ. ಮಳೆಗಾಲದಲ್ಲಿ ಪಂಚಾಂಗದ ಹುಣ್ಣಿಮೆ ಸಾಕು: ಪೂರ್ಣ ಚಂದ್ರ ಕಿಂಡಿಯ ಮಧ್ಯಕ್ಕೆ ಬರೋ ಹಾಗೆ ಇಟ್ಟು, ಹುಣ್ಣಿಮೆ ಕಳೆದು ಎಷ್ಟು ದಿನವಾಯ್ತೋ ಅಷ್ಟು ಒತ್ತು. ಸಾದಾ ವಾಚಿನಲ್ಲಿ 59 ಹಲ್ಲಿನ ಚಕ್ರ, ಅದರ ಮೇಲೆ ಎರಡು ಚಂದ್ರ, ಅಂದ್ರೆ 29.5 ದಿನಕ್ಕೊಂದು ಹುಣ್ಣಿಮೆ. ನಿಜವಾದ ಚಾಂದ್ರಮಾಸ 29.53059 ದಿನ. ಪ್ರತಿ ಹುಣ್ಣಿಮೆಗೆ 44 ನಿಮಿಷದಷ್ಟು ವ್ಯತ್ಯಾಸ ಸೇರ್ತಾ ಸೇರ್ತಾ ಎರಡೂವರೆ ವರ್ಷ ಕಳೆಯೋ ಹೊತ್ತಿಗೆ ಒಂದು ದಿನ ಆಗುತ್ತೆ. 135 ಹಲ್ಲಿನದಾದ್ರೆ ಅದೇ ಒಂದು ದಿನಕ್ಕೆ 122 ವರ್ಷ.

ನೀರಿನ ವಿಷಯ: ಇಂಥ ವಾಚುಗಳಿಗೆ 30 ಮೀಟರ್ ಅಂತ ಬರೆದಿದ್ರೆ ಕೈ ತೊಳೆಯುವಾಗ ಸಿಡಿದ ಹನಿ ತಡೆಯುತ್ತೆ ಅಂತ ಮಾತ್ರ ತಿಳ್ಕೊಳ್ಳಿ. ಬದಿಯ ಒಂದೊಂದು ಗುಂಡಿಗೂ ಒಂದು ರಬ್ಬರ್ ರಿಂಗ್, ರಬ್ಬರ್ ಗಟ್ಟಿಯಾದ್ರೆ ಅದೇ ನೀರಿನ ದಾರಿ. ಕಕ್ಕಡದಲ್ಲಿ (ಮಳೆ ಜೋರಾಗಿರೋ ಕೊಡವ ತಿಂಗಳು) ಚರ್ಮದ ಪಟ್ಟಿ ಬಿಚ್ಚಿಟ್ಟುಬಿಡಿ, ವಾರದೊಳಗೆ ಹೊಲಿಗೆ ಸಂದಿಯಲ್ಲಿ ಬಿಳಿ ಬೂಸ್ಟು ಹಿಡಿಯುತ್ತೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ತೇವಾಂಶದ ಮೀಟರ್. 50% ಆಸುಪಾಸು ನಿಂತ್ರೆ ಸಾಕು. ಜೆಲ್ ಕಾಳಿನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕಿ.

ಹಲ್ಲುಚಕ್ರ

ಬಿಲ್ಲಿನ ಕಡೆಗೂ ಗಮನ ಇರಲಿ. ಶೋರೂಮಿನಲ್ಲಿ 18% ಜಿಎಸ್‌ಟಿ, 2025ರ ಏಪ್ರಿಲ್ 22ರಿಂದ 10 ಲಕ್ಷ ದಾಟಿದ ವಾಚಿಗೆ 1% ಟಿಸಿಎಸ್ (ಮಾರೋರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟೋ ತೆರಿಗೆ). ಟಿಸಿಎಸ್ ನಿಮ್ಮ ಆದಾಯ ತೆರಿಗೆಗೆ ಜಮಾ ಆಗುತ್ತೆ, ಪ್ಯಾನ್ ತಪ್ಪಿಲ್ಲದೆ ಬರೆಸಿ.

2100ರ ಲೆಕ್ಕವನ್ನೂ ಸರಿ ತೋರಿಸೋ ವಾಚು ಅಂತ ಹೆಚ್ಚು ದುಡ್ಡು ಕೊಡಬೇಡಿ. 2100 ಅಧಿಕ ವರ್ಷವಲ್ಲ, ಈ ಮೂರೂ ವಾಚುಗಳು ಆಗ ಫೆಬ್ರವರಿ 29 ತೋರಿಸ್ತವೆ, ಆಗ ಒಮ್ಮೆ ಸರಿಪಡಿಸಿಕೊಂಡ್ರೆ ಮುಗೀತು. ಐಡಬ್ಲ್ಯುಸಿ 2024ರಲ್ಲಿ 400 ವರ್ಷಕ್ಕೊಮ್ಮೆ ಸುತ್ತೋ ಚಕ್ರ ಹಾಕಿ ಇದನ್ನೂ ಸರಿಮಾಡಿದ ಎಟರ್ನಲ್ ಕ್ಯಾಲೆಂಡರ್ ತಂದಿದೆ. ಕೆಲಸ ಅದ್ಭುತ, ನಿಮಗೆ ಅಗತ್ಯವಿಲ್ಲ.

ಮನಸ್ಸು 3940ರ ಮೇಲೇ ಇದ್ರೆ ಮಾರೋರ ಹತ್ರ ಮೂರು ವಿಡಿಯೋ ಕೇಳಿ: ಏಪ್ರಿಲ್ 30ರಿಂದ ಮೇ 1, ಸಾದಾ ವರ್ಷದ ಫೆಬ್ರವರಿ 28ರಿಂದ ಮಾರ್ಚ್ 1, ಅಧಿಕ ವರ್ಷದ 29ರಿಂದ ಮಾರ್ಚ್ 1. ಕೈಯಲ್ಲಿ ಮುಳ್ಳು ತಿರುಗಿಸಿ ತೋರಿಸಿದ್ರೆ ಸಾಲದು, ರಾತ್ರಿಯಿಡೀ ತಾನಾಗೇ ಓಡಿ ದಾಟಿರಬೇಕು. ಎಣ್ಣೆ ಒಣಗಿದ ವಾಚು ಉಳಿದ ದಿನ ಸರಿಯಾಗಿ ಓಡಿ, ತಿಂಗಳ ಕೊನೇ ರಾತ್ರಿ ಅಷ್ಟೂ ಚಕ್ರ ಎಳೆಯೋಕೆ ಬಲ ಸಾಲದೆ ಹನ್ನೆರಡರ ಹತ್ರ ನಿಂತುಬಿಡುತ್ತೆ. ಗುಂಡಿ ಒತ್ತೋ ಕಡ್ಡಿಯನ್ನೂ ಕೈಪಿಡಿಯನ್ನೂ ಕೇಳಿ ಇಸ್ಕೊಳ್ಳಿ.